ಐದು ಮನೆ ಶ್ರುತಿಗಿಂತ ಚೂರು ಏರು

ಮೂರು ವಾರದಿಂದ ಸ್ಪೀಕರ್‌ಗಳಿಂದ ಬಂದು ಕಾಡುತ್ತಿದ್ದ ಗುಂಯ್ ಸದ್ದು ನಿನ್ನೆ ರಾತ್ರಿ ಹನ್ನೆರಡೂ ಮುಕ್ಕಾಲಿಗೆ ನಿಂತಿತು. ಕರೆಂಟ್ ಹೋಯಿತೇನೋ ಎಂದು ಮೊದಲು ಫ್ಯಾನ್ ನೋಡಿದೆ. ತಿರುಗುತ್ತಿತ್ತು.

ಮಾನಿಟರ್‌ಗಳನ್ನು, ಎಂದರೆ ಸ್ಟುಡಿಯೊ ಸ್ಪೀಕರ್‌ಗಳನ್ನು, ಸ್ಟ್ಯಾಂಡಿನ ಮೇಲೆ ಕೂರಿಸಿದ್ದು, ಗೋಡೆಗೆ ಸದ್ದು ಹೀರುವ ರಾಕ್‌ವುಲ್ ಹಲಗೆ ಹೊಡೆದದ್ದು ಎಲ್ಲ ಸುಸೂತ್ರವಾಗಿ ಮುಗಿದಿತ್ತು, ಅದರ ಕಥೆ ಬೇಡ. ಐದಿಂಚಿನ ಎರಡು ಮಾನಿಟರ್, ಯುಎಸ್‌ಬಿಯಿಂದಲೇ ವಿದ್ಯುತ್ ಹೀರುವ ಇಂಟರ್‌ಫೇಸ್ (ಕಂಪ್ಯೂಟರಿನ ಹಾಡನ್ನು ಮಾನಿಟರಿಗೆ ಕಳಿಸುವ ಡಬ್ಬಿ), ಹಳೆಯ ಡೆಸ್ಕ್‌ಟಾಪ್. ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಹಾಡಿಗೆ ಮೊದಲೇ ಶ್ರುತಿಪೆಟ್ಟಿಗೆ ಶುರು.

ಲಕ್ಷಣಗಳು ಹೀಗಿದ್ದವು. ಇಂಟರ್‌ಫೇಸ್‌ನ ವಾಲ್ಯೂಮನ್ನು ಸೊನ್ನೆಗೆ ಇಳಿಸಿದರೂ ಸದ್ದು ಅಷ್ಟೇ ಇರುತ್ತಿತ್ತು, ಮಾನಿಟರಿನ ಬೆನ್ನ ಮೇಲಿನ ತಿರುಪನ್ನು ತಿರುಗಿಸಿದರೆ ಮಾತ್ರ ತಗ್ಗುತ್ತಿತ್ತು. ಮಾನಿಟರಿನಿಂದ ಕೇಬಲ್ ಕಿತ್ತರೆ ನಿಶ್ಶಬ್ದ. ಕೇಬಲ್ ಇದ್ದು ಯುಎಸ್‌ಬಿ ಕಿತ್ತರೂ ನಿಶ್ಶಬ್ದ. ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೂ ನಿಶ್ಶಬ್ದ. ಡೆಸ್ಕ್‌ಟಾಪಿಗೆ ತಾಗಿಸಿದ ಕ್ಷಣ ಗುಂಯ್, ಅದರ ಮೇಲೆ ಮೌಸ್ ಎಳೆದಾಗಲೆಲ್ಲ ಚಿರಿಚಿರಿ. ಇಷ್ಟು ಓದಿದವರು ಆಗಲೇ ‘ಗ್ರೌಂಡ್ ಲೂಪ್’ ಎಂದಿರುತ್ತೀರಿ. ನಾನೂ ಮೊದಲ ದಿನವೇ ಅಂದಿದ್ದೆ. ಎರಡು ಯಂತ್ರಗಳು ಗೋಡೆಯ ಅರ್ತ್ ಮೂಲಕ ಒಮ್ಮೆ, ಕೇಬಲ್ ಮೂಲಕ ಇನ್ನೊಮ್ಮೆ ಸೇರಿ ಸುತ್ತು ಪೂರ್ತಿಯಾದಾಗ ಅದರಲ್ಲಿ ಬೇಡದ ಕರೆಂಟು ಹರಿಯುತ್ತದೆ, ಅದೇ ಗ್ರೌಂಡ್ ಲೂಪ್.

ಮೈಕ್ ಇಟ್ಟು ಸದ್ದನ್ನು ದಾಖಲಿಸಿ ಅದರಲ್ಲಿ ಯಾವ ಯಾವ ಕಂಪನಗಳಿವೆ ಎಂದು ತೋರಿಸುವ ಸ್ಪೆಕ್ಟ್ರಮ್ ನೋಡಿದೆ. ನಮ್ಮ ಕರೆಂಟಿನ 50, ಅದರ ಗುಣಕಗಳಾದ 100, 150 ಹರ್ಟ್ಸ್‌ನಲ್ಲಿ ಬೇಲಿಗೂಟದ ಹಾಗೆ ಸಾಲು. ಐದಿಂಚಿನ ಸ್ಪೀಕರಿನಲ್ಲಿ 50 ಹೇಗೂ ಸರಿಯಾಗಿ ಮೊಳಗುವುದಿಲ್ಲ, ಕಿವಿಗೆ ಬಡಿಯುವುದು 100 ಮತ್ತು ಅದರ ಮೇಲಿನದು. ನನ್ನ ಹೆಂಡತಿ ಹಾಡುವುದು ಐದು ಮನೆ ಶ್ರುತಿಗೆ (ಪಾಶ್ಚಾತ್ಯರ ಜಿ). ಅದರ ಷಡ್ಜ 196 ಹರ್ಟ್ಸ್, ಒಂದು ಸ್ಥಾಯಿ ಕೆಳಗಿಳಿದರೆ 98. ಅಂದರೆ ನಮ್ಮ ಗೋಡೆಯ ಕರೆಂಟು ಅವಳ ಶ್ರುತಿಗಿಂತ ಸುಮಾರು 35 ಸೆಂಟ್ (ನೂರು ಸೆಂಟ್ ಎಂದರೆ ಅರ್ಧ ಮನೆ) ಏರಿನಲ್ಲಿ ಗುನುಗುತ್ತದೆ. ಸೇರಿಯೂ ಸೇರದ ಈ ಹಿಂಸೆಗಿಂತ ಪೂರ್ತಿ ಅಪಸ್ವರವೇ ವಾಸಿ. ಅಮೆರಿಕದಲ್ಲಿ 60 ಹರ್ಟ್ಸ್ ಕರೆಂಟು. ಅಲ್ಲಿಯ 120 ಆರೂವರೆ ಮನೆಗೂ ಏಳಕ್ಕೂ ಸರಿಯಾಗಿ ನಡುವೆ ಬೀಳುತ್ತದೆ. ಅಲ್ಲಿ ಹಾಡುವವರ ಪಾಡು ಇನ್ನೂ ಕಷ್ಟ.

ಇನ್ನು ಚಿಕಿತ್ಸೆಗಳು. ಪ್ಲಗ್ಗಿನ ಮೇಲಿನ ದಪ್ಪ ಅರ್ತ್ ಪಿನ್ ಮುರಿದುಬಿಡು ಎಂದು ಇಬ್ಬರು ಸಲಹೆ ಕೊಟ್ಟರು. ಸದ್ದು ಹೋಗುತ್ತದೆ, ನಿಜ. ಆದರೆ ಒಳಗಿನ ಇನ್ಸುಲೇಶನ್ ಕೈಕೊಟ್ಟ ದಿನ ಮಾನಿಟರಿನ ಲೋಹದ ಬೆನ್ನಿಗೆ 230 ವೋಲ್ಟ್ ಬಂದು ಕೂರುತ್ತದೆ, ಅದನ್ನು ಮುಟ್ಟುವವನು ನಾನೇ. ಆ ಮಾತು ಅಲ್ಲಿಗೇ ಬಿಟ್ಟೆ. ಬೇರೆ ಬೇರೆ ಗೋಡೆಗಳಲ್ಲಿದ್ದ ಪ್ಲಗ್ಗುಗಳನ್ನೆಲ್ಲ ಒಂದೇ ಸ್ಪೈಕ್ ಗಾರ್ಡ್‌ಗೆ ತಂದಾಗ ಸದ್ದು ಅರ್ಧಕ್ಕಿಳಿಯಿತು. ಅರ್ಧ ಗುಂಯ್ ಕೂಡ ಗುಂಯ್ ತಾನೇ.

ಆಮೇಲೆ ₹900 ಕೊಟ್ಟು, ಡೇಟಾ ಬಿಟ್ಟು ತಂತಿಯ ನೇರ ಸಂಪರ್ಕ ಕಡಿಯುವ ಯುಎಸ್‌ಬಿ ಐಸೊಲೇಟರ್ ತರಿಸಿದೆ. ಎಡಿಯುಎಂ3160 ಚಿಪ್ ಇರುವ ಪುಟ್ಟ ಡಬ್ಬಿ. ಅದರ ವೇಗದ ಮಿತಿ ಸೆಕೆಂಡಿಗೆ 12 ಮೆಗಾಬಿಟ್, ನನ್ನ ಇಂಟರ್‌ಫೇಸ್ ಬೇಡುವುದು 480. ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ. ಮಾರಾಟದ ಪುಟದಲ್ಲಿ ‘ಯುಎಸ್‌ಬಿ 2.0 ಹೊಂದಾಣಿಕೆ’ ಎಂದಿತ್ತು. ನನ್ನ ಸ್ಕೂಟರಿಗೂ ಹೆದ್ದಾರಿಗೂ ಅಂಥದ್ದೇ ಹೊಂದಾಣಿಕೆ. ಮುಂದಿನದು ಮಾನಿಟರಿನ ಕೇಬಲ್ ನಡುವೆ ಕೂರುವ ಟ್ರಾನ್ಸ್‌ಫಾರ್ಮರ್ ಡಬ್ಬಿ. ಗುಂಯ್ ಮಾಯವಾಯಿತು, ಜೊತೆಗೆ ಮೃದಂಗದ ಎಡಗೈ ಗುಮುಕಿಯೂ ಮಾಯವಾಯಿತು. ಕಡಲೆಬೀಜದ ಗಾತ್ರದ ಟ್ರಾನ್ಸ್‌ಫಾರ್ಮರಿನ ತಿರುಳು ಕೆಳಸ್ವರ ಬಂದ ತಕ್ಷಣ ತುಂಬಿಹೋಗುತ್ತದೆ.

ನಿಜವಾಗಿ ತಲೆ ಕೆಡಿಸಿದ್ದು ಒಂದೇ ಪ್ರಶ್ನೆ. ನನ್ನ ಕೇಬಲ್‌ಗಳು ಬ್ಯಾಲೆನ್ಸ್ಡ್, ಎಂದರೆ ಜಾಲರಿಯೊಳಗೆ ಹಾಡಿಗೆಂದೇ ಎರಡು ತಂತಿ ಇರುವಂಥವು. ಒಂದು ತುದಿಯಲ್ಲಿ ಟಿಆರ್‌ಎಸ್ ಎಂಬ ಮೂರು ಭಾಗದ ಜ್ಯಾಕ್, ಇನ್ನೊಂದರಲ್ಲಿ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಕನೆಕ್ಟರ್. ಎರಡು ತಂತಿಗಳ ಮೇಲೂ ಒಂದೇ ಸಮನಾಗಿ ಹತ್ತಿದ ಕಸವನ್ನು ಮಾನಿಟರ್ ಕಳೆದುಹಾಕಬೇಕು. ಹಾಗಾದರೆ ಲೂಪ್ ಇದ್ದರೂ ಸದ್ದೇಕೆ? ಮಾನಿಟರಿನ ಇನ್‌ಪುಟ್ಟೇ ಸುಟ್ಟಿದೆಯೆಂದು ಒಂದು ರಾತ್ರಿ ಅದನ್ನು ಬಿಚ್ಚಿಯೂ ಬಿಟ್ಟೆ. ಹನ್ನೆರಡು ಸ್ಕ್ರೂ. ಮುಚ್ಚುವಾಗ ಹನ್ನೊಂದು.

ನಿನ್ನೆ ಬೇರೇನೂ ತೋಚದೆ ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಕೇಬಲ್ಲಿಗೇ ಹಿಡಿದೆ. ಜ್ಯಾಕಿನ ತುದಿಗೂ ಎಕ್ಸ್‌ಎಲ್‌ಆರ್‌ನ ಎರಡನೇ ಪಿನ್ನಿಗೂ ಬೀಪ್, ಸರಿ. ಜ್ಯಾಕಿನ ಬುಡದ ತೋಳಿನಿಂದ ಒಂದನೆಯದಕ್ಕೆ ಬೀಪ್, ಸರಿ. ಒಂದರಿಂದ ಮೂರಕ್ಕೆ ಬರಕೂಡದು. ಬೀಪ್! ಎಕ್ಸ್‌ಎಲ್‌ಆರ್ ಕವಚ ಬಿಚ್ಚಿದೆ. ಒಳಗೆ ಒಂದೇ ಒಂದು ಕೆಂಪು ತಂತಿ. ಸುತ್ತಲಿನ ಜಾಲರಿಯನ್ನು ಹುರಿ ಹೊಸೆದು ಒಂದನೇ ಪಿನ್ನಿಗೆ ಬೆಸೆದು, ಅಲ್ಲಿಂದ ಉಗುರಿನಷ್ಟು ಉದ್ದದ ತುಂಡು ತಂತಿಯನ್ನು ಮೂರಕ್ಕೆ ಸೇತುವೆಯಂತೆ ಹಾಸಿದ್ದಾರೆ. ಆ ಬೆಸುಗೆ ಮಾತ್ರ ಬಲು ಅಚ್ಚುಕಟ್ಟು, ಕೈಪಳಗಿದವರ ಕೆಲಸ. ಇನ್ನೊಂದು ಕೇಬಲ್ಲಿನಲ್ಲೂ ಅದೇ. ಹೊರಗೆ ಜ್ಯಾಕಿಗೆ ಎರಡು ಕಪ್ಪು ಬಳೆಗಳನ್ನು ನೋಡಿಯೇ ನಾನು ನಂಬಿದ್ದು.

ಮೂರನೆಯದು ಒಂದಕ್ಕೆ ಸೇರಿದ ಮೇಲೆ ಕಳೆಯಲು ಏನು ಉಳಿಯಿತು? ಜಾಲರಿಯಲ್ಲಿ ಹರಿಯುವ ಲೂಪಿನ ಕರೆಂಟು ನೇರವಾಗಿ ಸಂಗೀತಕ್ಕೆ ಸೇರುತ್ತದೆ. ಜಾಲರಿಯ ರೋಧ 0.1 ಓಮ್, ಕರೆಂಟು 10 ಮಿಲಿ ಆಂಪಿಯರ್ ಎಂದು ಇಟ್ಟುಕೊಳ್ಳಿ. ಒಂದು ಮಿಲಿವೋಲ್ಟ್. ಇಂಥ ಕೇಬಲ್ಲಿನಲ್ಲಿ ಹಾಡಿನ ಮಾಮೂಲಿ ಅಳತೆಯಾದ 1.23 ವೋಲ್ಟಿನ ಲೈನ್ ಮಟ್ಟಕ್ಕಿಂತ ಬರೀ 62 ಡೆಸಿಬೆಲ್ ಕೆಳಗೆ, ರಾತ್ರಿಯ ಕೋಣೆಯಲ್ಲಿ ಕಿವಿಗೆ ಧಾರಾಳ.

ಕೇಬಲ್ ಕೊಂಡಿದ್ದ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ: ‘ಹಾಡು ಬರುತ್ತಿದೆಯಲ್ಲ ಸಾರ್?’ ಬರುತ್ತಿದೆ ಎಂದು ಒಪ್ಪಿಕೊಂಡು ಇಟ್ಟೆ.

ಪೆಟ್ಟಿಗೆಯಲ್ಲಿ ಎರಡೆಳೆಯ ಶೀಲ್ಡ್ ಕೇಬಲ್ ನಾಲ್ಕು ಮೀಟರ್ ಇತ್ತು. ವೀಣೆಯ ಕಂಪನವನ್ನು ಹಿಡಿದು ಕರೆಂಟಾಗಿಸುವ ಪಿಕಪ್‌ಗೆಂದು ತೆಗೆದಿಟ್ಟದ್ದು. ಕತ್ತರಿಸಿ ಹಳೆಯ ಕನೆಕ್ಟರುಗಳಿಗೇ ಬೆಸೆದೆ. ಮೊದಲನೆಯದನ್ನು ಮುಗಿಸಿ ಹೆಮ್ಮೆಯಿಂದ ಎತ್ತಿ ನೋಡಿದರೆ ಕವಚ ಮೇಜಿನ ಮೇಲೆಯೇ ಕುಳಿತು ನನ್ನನ್ನು ನೋಡುತ್ತಿದೆ. ಮತ್ತೆ ಬಿಚ್ಚಿ, ಕವಚ ತೂರಿಸಿ, ಮತ್ತೆ ಬೆಸುಗೆ. ಆಮೇಲೆ ಹನ್ನೆರಡೂ ಮುಕ್ಕಾಲು, ಫ್ಯಾನ್, ಮೌನ. ಲೂಪ್ ಈಗಲೂ ಇದೆ, ಅದರ ಪಾಡಿಗೆ ಇರಲಿ. ಮಾನಿಟರಿನ ಪುಟ್ಟ ಸ್ಪೀಕರಾದ ಟ್ವೀಟರಿಗೆ ಕಿವಿಯಿಟ್ಟರೆ ಸಣ್ಣ ಸುಯ್ ಎನ್ನುವುದಷ್ಟೇ ಕೇಳುತ್ತದೆ, ಅದು ಆಂಪ್ಲಿಫೈಯರಿನ ಹುಟ್ಟುಗುಣ.

ಪಿಕಪ್ ಕೆಲಸ ಈಗ ಇನ್ನೊಂದು ವಾರ ಮುಂದಕ್ಕೆ ಹೋಯಿತು. ವೀಣೆಯ ಕುದುರೆಯ ಕೆಳಗೆ 27 ಮಿಲಿಮೀಟರಿನ ಪಿಯೆಜೊ ಬಿಲ್ಲೆ, ಅದರ ಸಣ್ಣ ಸದ್ದನ್ನು ಎತ್ತಲು ಒಂದು ಮೆಗಾಓಮ್‌ಗೂ ಮೀರಿದ ಇನ್‌ಪುಟ್ ರೋಧದ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಪ್ರಿಆಂಪ್. ಜೆ201 ಎಂಬ ಎಫ್‌ಇಟಿ ಎಂದು ಕಳಿಸಿದ ಹತ್ತರಲ್ಲಿ ಆರು ಏನೆಂದು ಅಳೆದರೂ ಅರ್ಥವಾಗುತ್ತಿಲ್ಲ. ಈ ಸಲ ಮೀಟರು ಮೊದಲು, ಬೆಸುಗೆ ಆಮೇಲೆ. ಉಳಿದ ಆ ಒಂದು ಸ್ಕ್ರೂ ಎಲ್ಲಿಯದೆಂದು ಭಾನುವಾರ ನೋಡಬೇಕು.