ಸರ್ಟಿಫಿಕೇಟಿಗೆ ಎಷ್ಟು ಕಟ್ಟಬೇಕು?

ಕಾಲೇಜಿನ ಪರೀಕ್ಷೆಗಳು ಮುಗಿಯುತ್ತಿದ್ದಂತೆ ನನ್ನ ಫೋನು ಬಡಿದುಕೊಳ್ಳತೊಡಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್, ಅಂದರೆ ಲೋಹ ಕಡೆಯುವ ವರ್ಕ್‌ಶಾಪ್ ಇದೆ. ವರ್ಷಕ್ಕೆ ನಾಲ್ಕೈದು ಮೆಕ್ಯಾನಿಕಲ್ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆ ಸೇರಿಸಿಕೊಳ್ಳುತ್ತೇನೆ. ಫೋನ್ ಮಾಡುವವರು ಹೆಚ್ಚಾಗಿ ತಂದೆಯಂದಿರು. ಉಭಯ ಕುಶಲೋಪರಿ ಮುಗಿದ ಮೇಲೆ ಒಂದೇ ಪ್ರಶ್ನೆ: ‘ಸರ್ಟಿಫಿಕೇಟಿಗೆ ಎಷ್ಟು ಕಟ್ಟಬೇಕು ಸರ್?’

ಒಂದು ರೂಪಾಯಿಯೂ ಬೇಡ. ಬಂದು ಕಲಿಯದವರಿಗೆ ಲಕ್ಷ ಕೊಟ್ಟರೂ ಬರೆದುಕೊಡುವುದಿಲ್ಲ.

ಈ ‘ಕಟ್ಟುವುದು’ ಎಂಬ ಮಾತು ಕೇಳಿದರೇ ಮೈ ಉರಿಯುತ್ತದೆ. ಕಲಿಯಲು ಬಂದವರಿಗೆ ಕೊಡಬೇಕಾದವರು ನಾವು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರನ್ನು ತರಬೇತಿಗೆ ತೆಗೆದುಕೊಂಡರೆ ಕಂಪನಿ ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮ ಅದನ್ನು ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತುಮಾಡಿತು. ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ನಮ್ಮಲ್ಲಿಗೆ ಬರುವವರು ಇನ್ನೂ ಓದುತ್ತಿರುವವರು, ಇರುವುದು ನಾಲ್ಕು ವಾರ. ಅವರಿಗೆ ಊಟ, ಬಸ್ ಚಾರ್ಜು ಕೊಡುತ್ತೇನೆ. ಇದಕ್ಕೂ ‘ಪುಕ್ಕಟೆ ದುಡಿಸಿಕೊಳ್ಳುತ್ತೀರಿ’ ಎಂದವರಿದ್ದಾರೆ. ಮೊದಲೆರಡು ವಾರ ಆ ಮಕ್ಕಳ ಪಕ್ಕ ನಿಲ್ಲುವ ಆಪರೇಟರಿನ ಹೊತ್ತು ಎಷ್ಟು ಹೋಗುತ್ತದೆ ಎಂಬುದನ್ನು ಅವರು ಒಮ್ಮೆ ಬಂದು ನೋಡಲಿ.

ಎರಡು ವರ್ಷದ ಹಿಂದೆ ತುಮಕೂರಿನ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. 50 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟು, ಅಂದರೆ ದುಂಡನೆಯ ದಂಡ; ಡ್ರಾಯಿಂಗಿನ ಪ್ರಕಾರ 49.984ಕ್ಕಿಂತ ಕಡಿಮೆಯಾಗುವಂತಿಲ್ಲ. ಕಡೆಯುವ ಯಂತ್ರವಾದ ಲೇತಿನಿಂದ ಇಳಿಸಿದ ಕೂಡಲೇ, ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಹಿಡಿದು 49.990 ಎಂದು ಬರೆದಳು. ಊಟ ಮುಗಿಸಿ ಬಂದು ನಮ್ಮ ಹಿರಿಯ ಟರ್ನರ್ ಅಳೆದರೆ 49.978. ಶಾಫ್ಟು ರಿಜೆಕ್ಟ್. ಹುಡುಗಿಯ ಕಣ್ಣಲ್ಲಿ ನೀರು.

ಅವರು ಬೈಯಲಿಲ್ಲ. ಆಗಷ್ಟೇ ಇಳಿಸಿದ ಇನ್ನೊಂದು ಶಾಫ್ಟನ್ನು ಅವಳ ಅಂಗೈ ಮೇಲಿಟ್ಟು, ‘ಹೇಗಿದೆಯಮ್ಮ?’ ಎಂದರು.

‘ಬಿಸಿ ಇದೆ’ ಎಂದಳು. ಅಷ್ಟು ಹೇಳಿ ಸುಮ್ಮನಾದಳು. ಆಮೇಲೆ ಪೆನ್ನು ಕೇಳಿ, ರಟ್ಟಿನ ಡಬ್ಬದ ಮೇಲೆ ಲೆಕ್ಕ ಹಾಕಿದಳು. ಕೋಣೆಗಿಂತ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಆ ಗಾತ್ರದ ಉಕ್ಕು ಸುಮಾರು 12 ಮೈಕ್ರಾನ್, ಅಂದರೆ 0.012 ಮಿಲಿಮೀಟರ್ ಹಿಗ್ಗುತ್ತದೆ. ಅವಳ ಅಳತೆಗೂ ಟರ್ನರ್ ಅಳತೆಗೂ ನಡುವಿನ ವ್ಯತ್ಯಾಸವೂ ಅಷ್ಟೇ. ಆ ಸೂತ್ರ ಅವಳಿಗೆ ಪಿಯುಸಿಯಿಂದಲೇ ಬಾಯಿಪಾಠ. ಅದು ಕೈ ಸುಡುವ ವಸ್ತು ಎಂದು ಯಾರೂ ತೋರಿಸಿರಲಿಲ್ಲ. ಆ ರಟ್ಟನ್ನು ನಾನು ಎಸೆದಿಲ್ಲ, ಕಚೇರಿಯ ಬೀರುವಿನಲ್ಲಿದೆ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದು ಒಳ್ಳೆಯದೇ. ಆದರೆ ಕಡ್ಡಾಯವಾದದ್ದರ ಸುತ್ತ ಅಂಗಡಿ ಎದ್ದೇಳುತ್ತದೆ. ದುಡ್ಡು ಕಟ್ಟಿ ಮನೆಯಲ್ಲೇ ಕುಳಿತು ಸರ್ಟಿಫಿಕೇಟ್ ತರಿಸಿಕೊಂಡ ಹುಡುಗರು ಕೆಲಸ ಕೇಳಿಕೊಂಡು ನನ್ನ ಬಳಿಯೇ ಬರುತ್ತಾರೆ. ಮೈಕ್ರೋಮೀಟರ್ ಕೈಗೆ ಕೊಟ್ಟರೆ ಸಿ ಕ್ಲ್ಯಾಂಪಿನಂತೆ ತಿರುಪಿ ಬಿಗಿಯುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಂಕಟವಾಗುತ್ತದೆ.

ಒಬ್ಬ ತಂದೆಯಾದರೂ ‘ನನ್ನ ಮಗಳ ಪಕ್ಕ ನಿಂತು ಹೇಳಿಕೊಡುವವರು ಯಾರು?’ ಎಂದು ಕೇಳಲಿ ಎಂದು ಕಾಯುತ್ತಿದ್ದೇನೆ. ಕೇಳಿದರೆ ಆ ಟರ್ನರನ್ನೇ ಕರೆದು ಫೋನು ಕೊಡುತ್ತೇನೆ. ಅವರು ಇಪ್ಪತ್ತಾರು ವರ್ಷದಿಂದ ಲೇತಿನ ಮುಂದೆ ನಿಂತವರು. ಮಾತು ಕಡಿಮೆ, ತಾಳ್ಮೆ ಬಹಳ.

ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುತ್ತೇವೆ. ಶೂ ಹಾಕಿಕೊಂಡು ಬರಲಿ, ಉದ್ದ ಕೂದಲಿದ್ದರೆ ಬಿಗಿಯಾಗಿ ಕಟ್ಟಿಕೊಂಡಿರಲಿ.