ಕೇಳ್ಸುತ್ತೆ, ಏನೂಂತ ಗೊತ್ತಾಗಲ್ಲ

ಭಾನುವಾರ ಮಾವನನ್ನು ತಿಪಟೂರಿಗೆ ಬಿಟ್ಟು ಬಂದೆವು. ಕಣ್ಣಿನ ಪೊರೆ ತೆಗೆಸಿಕೊಂಡು ಹತ್ತು ದಿನ ನಮ್ಮಲ್ಲೇ ಇದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಸಿಐಡಿ ತರ ಕೂತಿದ್ದರು. ಕಾರು ನಾನೇ ಓಡಿಸುತ್ತಿದ್ದೆ. ಹಿಂದೆ ಮಗ, ಮೊಬೈಲು. ನೆಲಮಂಗಲ ದಾಟಿ ರಸ್ತೆ ಸ್ವಲ್ಪ ಬಿಡುವಾದ ಮೇಲೆ, ಮಾವನಿಗೆ ಇಷ್ಟ ಅಂತ ಭಾವಗೀತೆ ಹಾಕಿದೆ. ಎರಡು ಹಾಡು ಸುಮ್ಮನೆ ಕೇಳಿದರು. ಮೂರನೆಯದಕ್ಕೆ ಕೈ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

"ಸೌಂಡು ಕಮ್ಮಿ ಆಯ್ತಾ ಮಾವ?"

"ಸೌಂಡಿಗೇನು ಬರ ಇಲ್ಲ ಕಣವ್ವ. ಕೇಳ್ಸುತ್ತೆ. ಏನೂಂತ ಗೊತ್ತಾಗಲ್ಲ. ಹಾಡೋನು ಬಾವಿಯೊಳಗೆ ಕೂತಂಗವ್ನೆ."

ಬೇರೆ ಯಾರಾದರೂ ಹೇಳಿದ್ದರೆ ವಯಸ್ಸಾಯಿತು ಅಂದುಕೊಂಡು ಬಿಡುತ್ತಿದ್ದೆ. ಆದರೆ ಅಮ್ಮನ ಈ ತಮ್ಮ ಮೂವತ್ತು ವರ್ಷ ಮೈಕ್‌ಸೆಟ್ ಇಟ್ಟುಕೊಂಡಿದ್ದವರು. ಜಾತ್ರೆ, ಮದುವೆ, ಎಲೆಕ್ಷನ್ನು, ಶಾಲೆಯ ವಾರ್ಷಿಕೋತ್ಸವ ಯಾವುದಕ್ಕಾದರೂ ಸರಿ, ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ಅಹುಜಾ ಆಂಪ್ಲಿಫೈಯರನ್ನು ಮಗುವಿನ ಹಾಗೆ ಟವೆಲಿನಲ್ಲಿ ಒರೆಸಿ ಇಡುತ್ತಿದ್ದರು. ನಾವು ಚಿಕ್ಕವರಿದ್ದಾಗ ಅವರ "ಹಲೋ, ಮೈಕ್ ಟೆಸ್ಟಿಂಗ್" ಕೇಳಿದರೆ ಊಟಕ್ಕೆ ಹಾಕುವ ಹೊತ್ತಾಯಿತು ಅಂತ ಲೆಕ್ಕ.

ಅದೂ ಅಲ್ಲದೆ ಬಾವಿಯ ಮಾತು ನಿಜವಾಗಿತ್ತು. ನಮ್ಮ ಕಾರಿನ ಸ್ಟೀರಿಯೊ ನಮ್ಮನೆಯವರ ಸಾಮ್ರಾಜ್ಯ. ಹೋದ ವರ್ಷ ಜೆ.ಸಿ. ರಸ್ತೆಯಲ್ಲಿ ದೊಡ್ಡ ಪರದೆಯದ್ದು ಹಾಕಿಸಿದರು. ಅಂಗಡಿಯ ಹುಡುಗ "ಮೇಡಂ, ಬೇಸ್ ಹೆಂಗೆ ಗುಮ್ತಿದೆ ನೋಡಿ" ಅಂತ ನನ್ನ ಕೈ ಹಿಡಿದು ಬಾಗಿಲಿಗೆ ಒತ್ತಿಸುವುದೊಂದೇ ಬಾಕಿ. ಇವರಿಗೂ ಅಷ್ಟೇ ಬೇಕಾಗಿದ್ದದ್ದು. ಒಳ್ಳೇ ಮನುಷ್ಯ, ಬೇರೆ ದೂರಿಲ್ಲ, ಆದರೆ ಸಂಗೀತ ಅಂದರೆ ಸೈಡ್ ಮಿರರ್ ನಡುಗಬೇಕು ಅನ್ನುವ ಪಂಗಡ. ಈಕ್ವಲೈಸರಿನಲ್ಲಿ, ಅಂದರೆ ದಪ್ಪ ಸದ್ದಿನಿಂದ ಕೀರಲು ಸದ್ದಿನ ತನಕ ಒಂದೊಂದನ್ನೂ ಬೇರೆಯಾಗಿ ಏರಿಸಿ ಇಳಿಸುವ ಕಡ್ಡಿಗಳ ಸಾಲಿನಲ್ಲಿ, 'ರಾಕ್' ಅಂತ ಒತ್ತಿಟ್ಟಿದ್ದಾರೆ: ಎರಡು ತುದಿಯ ಕಡ್ಡಿಗಳು ಮೇಲೆ, ನಡುವೆ ಹಳ್ಳ. ಮನುಷ್ಯರ ದನಿಯ ಬಹುಪಾಲು ಇರುವುದೇ ಆ ಹಳ್ಳದಲ್ಲಿ. ಹಾಡುವವರನ್ನು ಬಾವಿಗೆ ತಳ್ಳಿದವರು ಯಾರು ಅಂತ ಅಲ್ಲಿಗೆ ಗೊತ್ತಾಯಿತಲ್ಲ.

ಗುಬ್ಬಿಯ ಹತ್ತಿರ ಕಾಫಿಗೆ ನಿಲ್ಲಿಸಿದಾಗ ಪರದೆಯಲ್ಲಿ ಈಕ್ವಲೈಸರ್ ತೆರೆದು ತೋರಿಸಿದೆ. ಹತ್ತು ಕಡ್ಡಿಗಳು. 31 ಹರ್ಟ್ಸ್‌ನಿಂದ, ಅಂದರೆ ಸೆಕೆಂಡಿಗೆ 31 ಕಂಪನದಿಂದ ಶುರು, ಪ್ರತಿಯೊಂದೂ ಹಿಂದಿನದರ ಎರಡರಷ್ಟು, ಅಂದರೆ ಒಂದೊಂದು ಸ್ಥಾಯಿ ಮೇಲೆ, ಕೊನೆಯದು 16 ಸಾವಿರ. ಮಾವ ನಕ್ಕರು. "ನಮಗೆ ಬೇಸ್ ಒಂದು, ಟ್ರೆಬಲ್ ಒಂದು, ಎರಡೇ ಗುಬುಟು ಇದ್ದಿದ್ದು. ಅದರಲ್ಲೇ ಮಂತ್ರಿಗಳ ಭಾಷಣಾನೂ ಆಗ್ತಿತ್ತು, ಓಲಗಾನೂ ಆಗ್ತಿತ್ತು."

ಮೊದಲು ಎಲ್ಲಾ ಕಡ್ಡಿಗಳನ್ನೂ ನಡುಮಟ್ಟಕ್ಕೆ ತರಿಸಿದರು. ಆಮೇಲೆ ವಾಲ್ಯೂಮ್ ಇಳಿಸು ಅಂದರು. ಜೋರಾಗಿದ್ದರೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆಯಂತೆ, ಎಲೆಕ್ಷನ್ ಭಾಷಣದ ಹಾಗೆ. ನಾನು ನಡುವಿನ ಕಡ್ಡಿಗಳನ್ನು ಏರಿಸಲು ಹೊರಟರೆ ಕೈ ಮೇಲೆ ತಟ್ಟಿದರು.

"ಏರಿಸ್ಬೇಡ. ಯಾವುದು ಜಾಸ್ತಿ ಆಗಿದೆ ಹುಡುಕು. ಅದನ್ನ ಕಳಿ."

ಹುಡುಕುವ ಬಗೆ ವಿಚಿತ್ರವಾಗಿತ್ತು. ಒಂದು ಕಡ್ಡಿಯನ್ನು ಪೂರ್ತಿ ಏರಿಸುವುದು, ಕೇಳುವುದು, ಇಳಿಸುವುದು, ಪಕ್ಕದ್ದು ಏರಿಸುವುದು. ಯಾವುದನ್ನು ಏರಿಸಿದಾಗ ಕಿವಿಗೆ ಅತೀ ಹಿಂಸೆಯಾಗುತ್ತದೋ ಅದೇ ಕಳ್ಳ. ಕಲ್ಯಾಣ ಮಂಟಪಗಳಲ್ಲಿ ಹೀಗೇ ಮಾಡುತ್ತಿದ್ದರಂತೆ. ಜನ ಬರುವ ಮೊದಲು ಮೈಕು 'ಕುಂಯ್' ಅನ್ನುವ ತನಕ ಏರಿಸಿ, ಯಾವ ಶ್ರುತಿಯಲ್ಲಿ ಕೂಗಿತೋ ಆ ಕಡೆಯ ಗುಬುಟನ್ನು ಒಂದು ಚೂರು ಇಳಿಸುವುದು. ನಮ್ಮ ಕಾರಿನಲ್ಲಿ 125ರಲ್ಲಿ ಕಳ್ಳ ಸಿಕ್ಕಿದ. ಅದನ್ನು ಏರಿಸಿದೊಡನೆ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ, ಬಾಗಿಲಿನ ಯಾವುದೋ ಕ್ಲಿಪ್ಪು 'ಗಿರ್' ಅಂತ ಬೇರೆ. ಇಳಿಸಿದೆ. 250ನ್ನೂ ಸ್ವಲ್ಪ ಇಳಿಸಿದೆ. ಏನನ್ನೂ ಏರಿಸದೆ ಹಾಡುವವರು ಬಾವಿಯಿಂದ ಎದ್ದು ಬಂದು ಡ್ಯಾಶ್‌ಬೋರ್ಡಿನ ಮೇಲೆ ಕೂತರು. ತಂಬೂರಿ ಇತ್ತು ಅಂತಲೇ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಕೆಳಗಿನ 62ರದ್ದನ್ನು ಪೂರ್ತಿ ಕೊಲ್ಲಬೇಡ ಅಂದರು. ನಿಂತ ಕಾರಿನಲ್ಲಿ ಜಾಸ್ತಿ ಅನ್ನಿಸುವ ಬೇಸ್, ಓಡುವಾಗ ಟೈರಿನ ಸದ್ದಿನಡಿ ಮುಚ್ಚಿಹೋಗುತ್ತದೆ. ಎರಡೂ ಒಂದೇ ಕೇರಿಯ ಸದ್ದುಗಳು. ಇಷ್ಟನ್ನೂ ಕಾಫಿ ಆರುವುದರೊಳಗೆ ಹೇಳಿದರು. ನಮ್ಮನೆಯವರಿಗೆ ಅಂಗಡಿಯವನು ಒಂದು ಗಂಟೆ ಪಾಠ ಮಾಡಿದ್ದ.

ಅಲ್ಲಿಗೆ ಮುಗಿಸಬಹುದಿತ್ತು. ನನಗೆ ಸೊಗಸಾಗಿ ಕೇಳುತ್ತಿತ್ತು. ಆದರೆ ಮಾವ ಮತ್ತೆ ಅದೇ ಅಂದರು: "ಕೇಳ್ಸುತ್ತೆ. ಏನೂಂತ ಇನ್ನೂ ಗೊತ್ತಾಗಲ್ಲ." ಬಲಗಡೆಯ ಕಡ್ಡಿಗಳನ್ನು ಏರಿಸಲು ಹೇಳಿದರು. ಕಳೆ ಅಂದವರೇ ಏರಿಸು ಅಂತಾರಲ್ಲ ಅಂತ ನಗು ಬಂತು. 4 ಸಾವಿರದ್ದು ಏರಿಸಿದೆ. ಇನ್ನೂ ಸ್ವಲ್ಪ. 8 ಸಾವಿರದ್ದು. ಇನ್ನೂ ಒಂಚೂರು. ಒಂದೊಂದು 'ಸ'ಕಾರವೂ ಒಗ್ಗರಣೆ ಸಿಡಿದ ಹಾಗೆ ಸಿಡಿಯತೊಡಗಿತು. ಹಿಂದಿನಿಂದ ಮಗ ಇಯರ್‌ಫೋನ್ ಕಿತ್ತು, "ಅಮ್ಮಾ, ಹಲ್ಲು ಜುಮ್ ಅಂತಿದೆ, ಏನ್ ಮಾಡ್ತಿದೀರ ನೀವಿಬ್ರು?" ಅಂತ ಕೂಗಿದ.

ಮಾವ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. "ಹ್ಞಾ. ಈಗ ಮಾತು ಬಂತು ನೋಡು."

ನನಗೆ ಅರ್ಥವಾಗಲು ತಿಪಟೂರಿನ ತೆಂಗಿನ ತೋಟಗಳು ಬರಬೇಕಾಯಿತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳನ್ನು. ಅ, ಆ, ಓ, ಮ, ನ ಎಲ್ಲಾ ಕೆಳಗಿರುತ್ತವೆ, ಗಟ್ಟಿಯಾಗಿ ಕೇಳುತ್ತವೆ. ಸ, ಶ, ಚ, ತ, ಫ ಇವುಗಳ ಗುರುತು ಇರುವುದು ಮೇಲಿನ ಕಡ್ಡಿಗಳಲ್ಲಿ. ಅವು ಹೋದರೆ ಸದ್ದಿಗೆ ಕೊರತೆಯಿಲ್ಲ, ಆದರೆ ಕಾಸೋ ಕಾಲೋ ತಿಳಿಯುವುದಿಲ್ಲ. ಹಳೇ ಫೋನ್ ಲೈನುಗಳು 3,400 ಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸಿಬಿಡುತ್ತಿದ್ದವು, ಹೆಸರು ಹೇಳುವಾಗ ಸ-ಫ ಗಲಿಬಿಲಿ ಅದಕ್ಕೇ. ಮಾವನಿಗೆ ಈಗ ಇಡೀ ಲೋಕವೇ ಆ ಹಳೇ ಫೋನು. ಮೂವತ್ತು ವರ್ಷ ಹಾರ್ನ್ ಬುಡದಲ್ಲಿ ನಿಂತದ್ದರ ಪಾಲೂ ಇದರಲ್ಲಿ ಇರಬಹುದು.

ಹೋದ ದೀಪಾವಳಿಯಲ್ಲಿ ಅಣ್ಣ ಹಣದ ವಿಷಯ ಏನೋ ಕೇಳಿದಾಗ ಇವರು ಮಂಡಿನೋವಿನ ಬಗ್ಗೆ ಉತ್ತರ ಕೊಟ್ಟದ್ದು ನೆನಪಾಯಿತು. "ಬೇಕೂಂತಲೇ ಮಾತು ತಿರುಗಿಸ್ತಾರೆ, ಮಹಾ ಕಿಲಾಡಿ" ಅಂತ ಅಣ್ಣ ಅಡುಗೆಮನೆಗೆ ಬಂದು ಹೇಳಿದ. ನಾವೆಲ್ಲ ಹೌದೆಂದೆವು. ಅಣ್ಣ ಎಲ್ಲರಲ್ಲೂ ಕಿಲಾಡಿತನ ಹುಡುಕುವವನು, ಅದು ಬಿಡಿ, ನಾನೂ ಹೌದೆಂದೆನಲ್ಲ. ಅತ್ತೆಯದು ಇನ್ನೊಂದು ದಾರಿ. ಕೇಳಿಸಲಿಲ್ಲ ಅಂದರೆ ಬೀದಿಗೆ ಕೇಳುವ ಹಾಗೆ ಕೂಗುತ್ತಾರೆ. ಕೂಗಿದರೆ 'ಆ' ದೊಡ್ಡದಾಗುತ್ತದೆ, 'ಸ' ಅಷ್ಟಾಗಿ ಏರುವುದಿಲ್ಲ. "ಯಾಕೆ ಕಿರಿಚ್ತೀಯ, ನಾನೇನು ಕಿವುಡನಾ?" ಅಂತ ಇವರಿಗೆ ಸಿಟ್ಟು. ಇಬ್ಬರದೂ ಸರಿ. ಗುಬ್ಬಿಯಲ್ಲಿ ಕಾಫಿ ಕುಡಿಯುತ್ತಾ ಮಾವ ಆ ಊರಿನ ನಾಟಕ ಕಂಪನಿಯ ಸುದ್ದಿ ತೆಗೆದಿದ್ದರು. 1884ರ ಕಂಪನಿ, ಆಗ ಎಲ್ಲಿಯ ಮೈಕು. "ಕೊನೇ ಸಾಲಿನೋನಿಗೂ ಮಾತು ಮುಟ್ಟಿಸ್ತಿದ್ರು. ಕಿರಿಚಿ ಅಲ್ಲ ಕಣವ್ವ, ಬಿಡಿಸಿ ಬಿಡಿಸಿ ಹೇಳಿ." ನಾನು ಬಿಲ್ಲು ಕೊಡುವ ಗಡಿಬಿಡಿಯಲ್ಲಿ ಹೂಂಗುಟ್ಟಿದ್ದೆ.

ಕಣ್ಣಿಗೆ ಎರಡು ಸಲ ರಜೆ ಹಾಕಿ ಆಸ್ಪತ್ರೆಗೆ ಓಡಾಡಿದೆವು. ಕಿವಿಯ ವಿಷಯ ಯಾರ ತಲೆಗೂ ಬಂದಿರಲಿಲ್ಲ.

ವಾಪಸ್ ಬರುವಾಗ ಮಗ ಮುಂದೆ ಕೂತು ಪರದೆ ಕೆದಕುತ್ತಿದ್ದ. ಕೊನೆಯ ಕಡ್ಡಿ, 16 ಸಾವಿರದ್ದನ್ನು ಏರಿಸಿ ಇಳಿಸಿ, "ಗೊತ್ತಾಗ್ತಿದೆಯಾ?" ಅಂದ. ಇಲ್ಲ. ಮತ್ತೆ ಏರಿಸಿದ. ಇಲ್ಲ ಕಣೋ, ಏನೂ ಇಲ್ಲ. ಅವನು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ನಲವತ್ತೇಳಕ್ಕೆ ಒಂದು ಕಡ್ಡಿ ಹೋಗಿದೆ ಅಂದ ಹಾಗಾಯಿತು.

ಮಾವನ ಕಡ್ಡಿಗಳನ್ನು 'ಯೂಸರ್ 2'ರಲ್ಲಿ ಉಳಿಸಿಟ್ಟಿದ್ದೇನೆ. ಸೋಮವಾರ ಆಫೀಸಿಗೆ ಹೊರಟ ನಮ್ಮನೆಯವರು ಮೂಲೆ ತಿರುಗುವ ಮೊದಲೇ ಫೋನ್ ಮಾಡಿ, ಕಾರಿನಲ್ಲಿ ಹಾವು ಸೇರಿಕೊಂಡಿದೆಯಾ ಅಂತ ವಿಚಾರಿಸಿ 'ರಾಕ್'ಗೆ ಮರಳಿದರು.

ನಿನ್ನೆ ಅತ್ತೆಗೆ ಫೋನ್ ಮಾಡಿ ಎಲ್ಲಾ ವಿವರಿಸಿದೆ. ಕಿವಿ ಪರೀಕ್ಷೆ ಮಾಡಿಸೋಣ, ಅಲ್ಲಿಯ ತನಕ ಕೂಗಬೇಡಿ, ಎದುರು ಕೂತು ನಿಧಾನವಾಗಿ, ಬಿಡಿಸಿ ಹೇಳಿ ಅಂದೆ. ಅತ್ತೆ ಗಮನವಿಟ್ಟು ಕೇಳಿ, "ಅಯ್ಯೋ, ಅಷ್ಟೇನಾ? ಇಷ್ಟು ವರ್ಷ ನನ್ನ ಗಂಟಲು ದಂಡ ಆಯ್ತಲ್ಲೇ" ಅಂದರು. ಹಿಂದಿನಿಂದ ಮಾವ "ಯಾರು ಫೋನು? ಏನಂತೆ?" ಅಂದದ್ದು ಕೇಳಿಸಿತು.

"ಏನಿಲ್ಲಾ, ಸುಮ್ನಿರೀ!" ಅಂತ ಅತ್ತೆ ಕೂಗಿದರು.