ನಿಧಾನಕ್ಕೆ ಯೋಚಿಸುವವರಿಗೂ ಒಂದು ಆಫೀಸು

ಯಾರಾದರೂ ಪ್ರಶ್ನೆ ಕೇಳಿದರೆ ನನಗೆ ತಕ್ಷಣ ಉತ್ತರ ಹೊಳೆಯುವುದಿಲ್ಲ. ಒಂದು ಹಾಳೆ ತಗೊಂಡು ನಾಲ್ಕು ಸಾಲು ಗೀಚಬೇಕು. ಆಮೇಲೇ ಯೋಚನೆಗೆ ಒಂದು ರೂಪ ಬರುತ್ತದೆ. ಚಿಕ್ಕಂದಿನಿಂದಲೂ ಹೀಗೆಯೇ.

ಹಿಂದಿನ ಆಫೀಸಿನಲ್ಲಿ ಎಲ್ಲ ತೀರ್ಮಾನವೂ ಮೀಟಿಂಗಿನಲ್ಲೇ, ನಿಂತ ನಿಲುವಿನಲ್ಲೇ ಆಗುತ್ತಿತ್ತು. ಮೊದಲು ಬಾಯಿ ತೆರೆದವರ ಮಾತೇ ನಡೆಯುತ್ತಿತ್ತು. ಒಂದು ಸಲ ಲೆಕ್ಕದಲ್ಲಿ ತಪ್ಪಿದೆ ಅಂತ ನನಗೆ ಗೊತ್ತಾಗಿದ್ದು ಮೀಟಿಂಗ್ ಮುಗಿದು ಅರ್ಧ ಗಂಟೆಯಾದ ಮೇಲೆ. ಮೇಲ್ ಕಳಿಸಿದೆ. ‘ಅಲ್ಲೇ ಹೇಳಬಹುದಿತ್ತಲ್ವಾ? ಈಗ ಎಲ್ಲ ಮುಗೀತು’ ಎಂದರು ಮ್ಯಾನೇಜರ್. ಅಪ್ರೈಸಲ್‌ನಲ್ಲಿ ‘ಇನ್ನೂ ಚುರುಕಾಗಬೇಕು’ ಎಂದು ಬರೆದರು. ನನ್ನಲ್ಲೇ ಏನೋ ಕೊರತೆಯಿದೆ ಅಂತ ಎರಡು ವರ್ಷ ನಂಬಿದ್ದೆ. ಭಾನುವಾರ ಸಂಜೆಯಾದರೆ ಎದೆ ಭಾರವಾಗುತ್ತಿತ್ತು.

ಪಕ್ಕದ ಸೀಟಿನವಳು ಮಾತ್ರ ಅಲ್ಲಿ ಖುಷಿಯಾಗಿದ್ದಳು. ಹತ್ತು ಜನರ ನಡುವೆ ಮಾತಾಡ್ತಾ ಮಾತಾಡ್ತಾನೇ ಅವಳಿಗೆ ಹೊಸದು ಹೊಳೆಯುತ್ತಿತ್ತು. ಅವಳನ್ನು ನೋಡಿದ ಮೇಲೆ ಆಫೀಸಿನ ಮೇಲಿದ್ದ ಸಿಟ್ಟು ಇಳಿಯಿತು. ನನ್ನ ಮೇಲಿದ್ದದ್ದೂ ಇಳಿಯಿತು.

ಬೆಂಜಮಿನ್ ಷ್ನೈಡರ್ ಎಂಬ ಮನಶ್ಶಾಸ್ತ್ರಜ್ಞ 1987ರಲ್ಲೇ ಇದನ್ನು ವಿವರಿಸಿದ್ದಾರೆ. ಜನ ತಮಗೆ ಹಿಡಿಸುವ ಕಡೆ ಕೆಲಸಕ್ಕೆ ಹೋಗುತ್ತಾರೆ. ಸಂಸ್ಥೆಯೂ ತನಗೆ ಹೊಂದುವವರನ್ನೇ ಆರಿಸುತ್ತದೆ. ಹೊಂದದವರು ಬಿಟ್ಟು ಹೋಗುತ್ತಾರೆ. ಕೊನೆಗೆ ಉಳಿದವರೆಲ್ಲ ಹೆಚ್ಚುಕಡಿಮೆ ಒಂದೇ ಥರ. ಇದು ಸಂಸ್ಥೆಗೂ ಒಳ್ಳೆಯದಲ್ಲ, ಕಾಲ ಬದಲಾದಾಗ ಅದಕ್ಕೆ ಬದಲಾಗಲು ಕಷ್ಟ ಅಂತಲೂ ಅವರು ಎಚ್ಚರಿಸಿದ್ದರು. ಹಾಗಾಗಿ ನಾನು ನನ್ನಂಥವರೇ ತುಂಬಿದ ಜಾಗ ಹುಡುಕಲಿಲ್ಲ. ನನ್ನ ಥರ ಯೋಚಿಸುವವರಿಗೆ ಸ್ವಲ್ಪ ಸಮಯ ಕೊಡುವ ಜಾಗ ಸಿಕ್ಕಿದರೆ ಸಾಕಿತ್ತು.

ಇಂಟರ್‌ವ್ಯೂನಲ್ಲಿ ‘ನಿಮ್ಮ ಕಲ್ಚರ್ ಹೇಗಿದೆ?’ ಅಂತ ಕೇಳಬೇಡಿ. ಎಲ್ಲರೂ ‘ನಾವೆಲ್ಲ ಒಂದೇ ಕುಟುಂಬ’ ಅಂತಾರೆ. ನಡೆದದ್ದನ್ನು ಕೇಳಿ. ‘ತೀರ್ಮಾನ ಆದ ಮೇಲೆ ಯಾರಾದರೂ ಬೇಡ ಅಂದಿದ್ದು ಯಾವಾಗ? ಆಮೇಲೆ ಏನಾಯಿತು?’ ಅಂತ ನಾನು ಕೇಳಿದೆ. ಒಂದು ಕಡೆ ಇಬ್ಬರೂ ಮುಖ ಮುಖ ನೋಡಿಕೊಂಡು ವಿಷಯ ಬದಲಿಸಿದರು. ಇನ್ನೊಂದು ಕಡೆ ಟೀಮ್ ಲೀಡ್ ಸ್ವಲ್ಪ ಹೊತ್ತು ಸುಮ್ನಿದ್ದರು. ಆ ಮೌನವೇ ನನಗೆ ಹಿಡಿಸಿತು. ಆಮೇಲೆ ತಮ್ಮದೇ ಒಂದು ಪ್ಲಾನನ್ನು ಹೊಸ ಹುಡುಗಿಯೊಬ್ಬಳು ತಡೆದ ಕಥೆಯನ್ನು ಪೂರ್ತಿ ಹೇಳಿದರು.

ಅಲ್ಲೇ ಸೇರಿದೆ. ಇಲ್ಲಿ ಮೀಟಿಂಗಿನ ವಿಷಯ ಹಿಂದಿನ ದಿನವೇ ಬರೆದು ಬರುತ್ತದೆ. ಕೆಲಸ ನಿಧಾನ, ಒಂದೊಂದು ಸಲ ನನಗೇ ಜಾಸ್ತಿ ನಿಧಾನ ಅನಿಸುತ್ತದೆ. ಮೊನ್ನೆ ರಾತ್ರಿ ಒಂದು ಪ್ಲಾನ್ ಓದಿ, ಪಕ್ಕದಲ್ಲಿ ಮೂರು ಸಾಲು ಬರೆದಿಟ್ಟೆ. ಬೆಳಿಗ್ಗೆ ಅದರ ಕೆಳಗೆ ಉತ್ತರ ಬಂದಿತ್ತು: ‘ಇದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವತ್ತು ಇದರಿಂದಲೇ ಶುರು ಮಾಡೋಣ.’